ಬ್ರಿಟಿಷ್ ಸೈನ್ಯದ ಇತಿಹಾಸ: ಇಡೀ ಯುದ್ಧ ಬೇಡ, ಒಂದೇ ಒಂದು ಗಳಿಗೆ ಹೇಳಿ

ಕಲ್ಲುಬರಹ

ಹೋದ ಭಾನುವಾರ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿದ್ದೆ. ಕಾವೇರಿ ಪಕ್ಕದಲ್ಲೇ ಇದೆ, ದರಿಯಾ ದೌಲತ್ ನೋಡಲು ಹೋದವರು ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಅಲ್ಲಿ ದ ಮ್ಯೂರೋನ್ ರೆಜಿಮೆಂಟಿನವರ ಗೋರಿಗಳಿವೆ. ಇವರು ಇಂಗ್ಲಿಷರಲ್ಲ, ಸ್ವಿಟ್ಜರ್ಲೆಂಡಿನ ಕೂಲಿ ಸೈನಿಕರು. ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದವರು 1795ರಲ್ಲಿ ಬ್ರಿಟಿಷರ ಸಂಬಳಕ್ಕೆ ಬಂದರು. 1799ರಲ್ಲಿ ಟಿಪ್ಪುವಿನ ಮೇಲೆ ಕಾದಿದರು. 1813ರಲ್ಲಿ ಅದೇ ರೆಜಿಮೆಂಟು ಅಮೆರಿಕನ್ನರ ಮೇಲೆ ಕಾದಲು ಕೆನಡಾಕ್ಕೆ ಹೋಯಿತು. ಕಾವೇರಿ ನೀರು ಕುಡಿದ ರೆಜಿಮೆಂಟು ಕೆನಡಾದ ಹಿಮದಲ್ಲಿ!

ಅವತ್ತಿನಿಂದ ಒಂದು ಯೋಚನೆ ತಲೆಯಲ್ಲಿ ಕೂತಿದೆ. ದೊಡ್ಡ ದೊಡ್ಡ ಯುದ್ಧಗಳ ಕಥೆ ಎಲ್ಲರಿಗೂ ಗೊತ್ತು. ನನಗೆ ಬೇಕಾಗಿರುವುದು ಗಳಿಗೆಗಳು, ಓದಿದ ಮೇಲೆ ಮರೆಯಲು ಆಗದಂಥವು. ನಾನೇ ಶುರು ಮಾಡುತ್ತೇನೆ.

ಡೇವಿಡ್ ಬೇರ್ಡ್. ಆಳೆತ್ತರದ ಸ್ಕಾಟ್. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ತುಕಡಿಯನ್ನು ಹೈದರ್ ಮತ್ತು ಟಿಪ್ಪು ನುಚ್ಚುನೂರು ಮಾಡಿದಾಗ ಸೆರೆಸಿಕ್ಕಿದ. 44 ತಿಂಗಳು ಶ್ರೀರಂಗಪಟ್ಟಣದ ಸೆರೆಮನೆ, ಕಾಲಿಗೆ ಬೇಡಿ. ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಸರಪಳಿಗೆ ಕಟ್ಟಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿನಲ್ಲಿದ್ದ ತಾಯಿಗೆ ಮುಟ್ಟಿದಾಗ ಆಕೆ ಅತ್ತಳಂತೆ ಅಂದುಕೊಂಡಿರಾ? "ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡ ಆ ಬಡಪಾಯಿಯನ್ನು ದೇವರೇ ಕಾಪಾಡಬೇಕು" ಅಂದಳಂತೆ. ಮಗನ ಗುಣ ಹೆತ್ತವಳಿಗಲ್ಲದೆ ಇನ್ಯಾರಿಗೆ ಗೊತ್ತು!

1799ರ ಮೇ 4. ಮಧ್ಯಾಹ್ನ ಒಂದು ಗಂಟೆ ಸುಮಾರು. ತಾನೇ ಕೇಳಿ ಪಡೆದುಕೊಂಡಿದ್ದ ಕೆಲಸ: ಅದೇ ಬೇರ್ಡ್ ಹೊಳೆ ದಾಟಿ ಕೋಟೆಗೆ ಲಗ್ಗೆ ಹಾಕಿಸಿದ. ಆದರೆ ನನ್ನ ಗಳಿಗೆ ಅದಲ್ಲ, ಮರುದಿನ ಬೆಳಗಿನದು. ಬೇರ್ಡ್ ಟಿಪ್ಪುವಿನ ಅರಮನೆಯಲ್ಲಿ ತನ್ನ ಅಧಿಕಾರಿಗಳ ಜೊತೆ ತಿಂಡಿಗೆ ಕೂತಿದ್ದಾನೆ. ಆರ್ಥರ್ ವೆಲ್ಲೆಸ್ಲಿ ಒಂದು ಕಾಗದ ಹಿಡಿದು ಬರುತ್ತಾನೆ. ಇನ್ನು ಮೇಲೆ ಪಟ್ಟಣದ ಅಧಿಕಾರ ವೆಲ್ಲೆಸ್ಲಿಯದು. ಗವರ್ನರ್ ಜನರಲ್ ಯಾರು? ವೆಲ್ಲೆಸ್ಲಿಯ ಅಣ್ಣ. ಬೇರ್ಡ್ ಎದ್ದು, ನಮಗೆ ಇಲ್ಲಿ ಇನ್ನೇನೂ ಕೆಲಸವಿಲ್ಲ, ನಡೆಯಿರಿ ಅಂದ. ವೆಲ್ಲೆಸ್ಲಿ, ದಯವಿಟ್ಟು ತಿಂಡಿ ಮುಗಿಸಿಕೊಂಡು ಹೋಗಿ ಅಂದ. ಮುಂದೆ ವೆಲ್ಲೆಸ್ಲಿಯೇ ಹೇಳಿಕೊಂಡ ಕಥೆ ಇದು, ಆದ್ದರಿಂದ ಸ್ವಲ್ಪ ಒಗ್ಗರಣೆ ಬಿದ್ದಿರಲೂಬಹುದು. ಆದರೂ ಆ ಅರ್ಧ ತಿಂದ ತಟ್ಟೆ ನನ್ನ ಕಣ್ಣಿಂದ ಹೋಗುವುದಿಲ್ಲ.

ಸಮುದ್ರದಾಚೆ

ಒಳ್ಳೇ ವಿಷಯ ಎತ್ತಿದ್ದೀರಿ. ನಾನು ಪೋರ್ಟ್ಸ್‌ಮತ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರಿಂದ ಯಾರೇ ಬರಲಿ, ಮೊದಲು ಕರೆದುಕೊಂಡು ಹೋಗುವುದು ಎಚ್‌ಎಂಎಸ್ ವಿಕ್ಟರಿ ಹಡಗಿಗೆ. ಬ್ರಿಟಿಷ್ ನೌಕಾಪಡೆಯ ಮುಂದಾಳು ನೆಲ್ಸನ್ ಗುಂಡು ತಗುಲಿ ಬಿದ್ದ ಜಾಗದಲ್ಲಿ ಒಂದು ಹಿತ್ತಾಳೆ ಫಲಕ ಇದೆ. ನಮ್ಮಮ್ಮ ಬಂದಾಗ ಅದನ್ನು ತುಳಿಯಬಾರದು ಅಂತ ಸುತ್ತಿಕೊಂಡು ಹೋದರು.

ನನ್ನ ಗಳಿಗೆ 1805ರ ಅಕ್ಟೋಬರ್ 21, ಸ್ಪೇನ್ ಕರಾವಳಿಯ ಟ್ರಫಾಲ್ಗರ್ ಕದನ. ಗಾಳಿ ಎಷ್ಟು ಕಮ್ಮಿ ಅಂದರೆ ಹಡಗುಗಳು ಮನುಷ್ಯ ನಡೆಯುವ ವೇಗದಲ್ಲಿ ಶತ್ರುವಿನ ಕಡೆ ಹೋಗುತ್ತಿವೆ. ಬ್ರಿಟಿಷರ ಕಡೆ 27 ಯುದ್ಧನೌಕೆ, ಫ್ರೆಂಚ್ ಮತ್ತು ಸ್ಪ್ಯಾನಿಷ್ ಸೇರಿ ಎದುರಿಗೆ 33. ನೆಲ್ಸನ್‌ಗೆ ಸಮಯ ಕಳೆಯಬೇಕು, ಬಾವುಟಗಳಲ್ಲಿ ಒಂದು ಸಂದೇಶ ಹಾರಿಸೋಣ ಅಂದ: ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುತ್ತಾನೆಂದು ಇಂಗ್ಲೆಂಡ್ "ನಂಬಿದೆ". ಬಾವುಟ ಏರಿಸುವ ಅಧಿಕಾರಿ ಪ್ಯಾಸ್ಕೋ ಹೇಳಿದ: ಸ್ವಾಮಿ, "ನಂಬಿದೆ" ಅನ್ನುವ ಪದ ನಮ್ಮ ಸಂಕೇತ ಪುಸ್ತಕದಲ್ಲಿಲ್ಲ, ಒಂದೊಂದೇ ಅಕ್ಷರ ಏರಿಸಬೇಕಾಗುತ್ತದೆ. "ನಿರೀಕ್ಷಿಸುತ್ತದೆ" ಅಂದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಆಗಲಿ, ಬೇಗ ಮಾಡು ಅಂದ ನೆಲ್ಸನ್.

ಅಪ್ಪ ಮಗನಿಗೆ "ನಿನ್ನ ಮೇಲೆ ನಂಬಿಕೆ ಇದೆ" ಅನ್ನುವುದಕ್ಕೂ "ನೀನು ಪಾಸಾಗ್ತೀಯ ಅಂತ ನಿರೀಕ್ಷೆ ಇಟ್ಕೊಂಡಿದೀನಿ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಇನ್ನೂರು ವರ್ಷದಿಂದ ಇವರು ಬಾಯಿಪಾಠ ಮಾಡಿಕೊಂಡು ಬಂದ ಮಾತು ಬಾವುಟ ಉಳಿಸಲು ಬದಲಾಯಿಸಿದ್ದು! ತಮಾಷೆ ಏನೆಂದರೆ, "ಕರ್ತವ್ಯ" ಅನ್ನುವ ಪದವೂ ಪುಸ್ತಕದಲ್ಲಿರಲಿಲ್ಲ. ಅದನ್ನು ಅಕ್ಷರ ಅಕ್ಷರವಾಗಿಯೇ ಏರಿಸಿದರು. ಇನ್ನೊಂದು ಸಾಲಿನ ಮುಂದಾಳು ಕಾಲಿಂಗ್‌ವುಡ್ ಬಾವುಟ ಕಂಡು, ಈ ನೆಲ್ಸನ್ ಇನ್ನು ಸಂಕೇತ ಕೊಡೋದು ನಿಲ್ಲಿಸಿದರೆ ಸಾಕು, ಏನು ಮಾಡಬೇಕೆಂದು ನಮಗೆ ಗೊತ್ತು ಅಂತ ಗೊಣಗಿದನಂತೆ.

ಖಾರಾಬಾತ್

ಎಲ್ಲ ಸರಿ ಸ್ವಾಮಿ, ನಮ್ಮನ್ನು ಲೂಟಿ ಹೊಡೆದವರ ಶೌರ್ಯದ ಕಥೆ ನಾವು ಯಾಕೆ ಚಪ್ಪರಿಸ್ಕೊಂಡು ಓದ್ಬೇಕು? ಬೇರ್ಡ್ ತಿಂಡಿ ತಿಂದನೋ ಬಿಟ್ಟನೋ, ಅದರ ಹಿಂದಿನ ರಾತ್ರಿ ಪಟ್ಟಣದ ಮನೆಮನೆಗೂ ನುಗ್ಗಿದ್ರಲ್ಲ, ಅದೂ ಗಳಿಗೇನೇ.

ಕಲ್ಲುಬರಹ

ಖಂಡಿತ. ಲೂಟಿ ನಿಲ್ಲಿಸಲು ವೆಲ್ಲೆಸ್ಲಿ ತನ್ನದೇ ನಾಲ್ಕು ಸೈನಿಕರನ್ನು ಗಲ್ಲಿಗೇರಿಸಬೇಕಾಯಿತು, ಅಷ್ಟು ಮಿತಿಮೀರಿತ್ತು. ಶೌರ್ಯದ ಕಥೆಯೇ ಹೇಳಿ ಅಂತ ನಾನು ಎಲ್ಲೂ ಅಂದಿಲ್ಲ ಸರ್. ಎಡವಟ್ಟಿನ ಕಥೆ ಇದ್ದರೆ ಇನ್ನೂ ಒಳ್ಳೆಯದು.

ನಿವೃತ್ತ ಮೇಷ್ಟ್ರು

ಎಡವಟ್ಟು ಬೇಕೆಂದರೆ ಬಾಲಕ್ಲಾವಾ ಬಿಟ್ಟರೆ ಬೇರೆ ಇಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ, ಪಠ್ಯದಲ್ಲಿ ಇಲ್ಲದಿದ್ದರೂ ಪ್ರತಿ ವರ್ಷ ಇದನ್ನು ಹೇಳುತ್ತಿದ್ದೆ. ಸ್ಪಷ್ಟವಾಗಿ ಬರೆಯಿರಿ ಅಂತ ಹುಡುಗರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಕ್ರೈಮಿಯಾ, 1854ರ ಅಕ್ಟೋಬರ್ 25. ಬ್ರಿಟಿಷರು, ತುರ್ಕರು ಒಂದು ಕಡೆ, ರಷ್ಯನ್ನರು ಇನ್ನೊಂದು ಕಡೆ. ಸೇನಾಪತಿ ಲಾರ್ಡ್ ರಾಗ್ಲನ್ ಗುಡ್ಡದ ಮೇಲಿದ್ದಾನೆ. ಅಲ್ಲಿಂದ ಇಡೀ ಕಣಿವೆ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತದೆ. ಬೆಳಗ್ಗೆ ತುರ್ಕರ ಕಾವಲುದಿಬ್ಬಗಳಲ್ಲಿ ಕೈಬಿಟ್ಟುಹೋದ ಬ್ರಿಟಿಷ್ ಫಿರಂಗಿಗಳನ್ನು ರಷ್ಯನ್ನರು ಎಳೆದೊಯ್ಯುವ ಹಾಗಿದೆ. ರಾಗ್ಲನ್ ಹೇಳಿ ಬರೆಸುತ್ತಾನೆ: ಅಶ್ವದಳ ಬೇಗ ಮುಂದಕ್ಕೆ ಹೋಗಲಿ, ಶತ್ರು ಫಿರಂಗಿ ಒಯ್ಯುವುದನ್ನು ತಡೆಯಲಿ. ಯಾವ ಫಿರಂಗಿ? ಬರೆದಿಲ್ಲ. ಗುಡ್ಡದ ಮೇಲಿದ್ದವನಿಗೆ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ, ಕಣ್ಣೆದುರಿಗೇ ಇದೆಯಲ್ಲ!

ಚೀಟಿ ಹಿಡಿದು ಕಡಿದಾದ ಇಳಿಜಾರಿನಲ್ಲಿ ಕುದುರೆ ಇಳಿಸಿದವನು ಕ್ಯಾಪ್ಟನ್ ನೋಲನ್. ಇವನು ನಮ್ಮ ಬೆಂಗಳೂರು ದಂಡಿನಲ್ಲಿ 15ನೇ ಹುಸಾರ್ಸ್ ಎಂಬ ಕುದುರೆ ದಳದ ಜೊತೆ ಇದ್ದವನು. ಕುದುರೆ ಪಳಗಿಸುವುದರಲ್ಲಿ ನಿಸ್ಸೀಮ, ಅಶ್ವದಳ ಅಂದರೆ ಹುಚ್ಚು, ಮೇಲಿನವರ ಮೇಲೆ ಅಸಾಧ್ಯ ಸಿಟ್ಟು. ಕೆಳಗಿದ್ದ ಅಶ್ವದಳದ ಮುಖ್ಯಸ್ಥ ಲಾರ್ಡ್ ಲೂಕನ್‌ಗೆ ದಿಬ್ಬದ ಆಚೆಯದು ಏನೂ ಕಾಣುತ್ತಿಲ್ಲ. ಯಾವ ಫಿರಂಗಿ ಎಂದು ಕೇಳಿದ. ನೋಲನ್ ಕೈ ಬೀಸಿ, "ಅಗೋ ನಿಮ್ಮ ಶತ್ರು, ಅಗೋ ನಿಮ್ಮ ಫಿರಂಗಿ" ಅಂದ. ಕೈ ಯಾವ ಕಡೆ ಬೀಸಿದನೋ, ಲೂಕನ್‌ಗೆ ಕಂಡದ್ದು ಕಣಿವೆಯ ಕೊನೆಯಲ್ಲಿದ್ದ ರಷ್ಯನ್ನರ ಫಿರಂಗಿ ಸಾಲು. ಅವನು ಅಪ್ಪಣೆಯನ್ನು ತನ್ನ ಕೈಕೆಳಗಿನ ಲಾರ್ಡ್ ಕಾರ್ಡಿಗನ್‌ಗೆ ದಾಟಿಸಿದ. ಇವರಿಬ್ಬರೂ ಭಾವ-ಮೈದುನರು, ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಮಾತು ಬಿಟ್ಟ ಬೀಗರ ನಡುವೆ ಎಷ್ಟು ಮಾತಾಗುತ್ತದೋ ಅಷ್ಟೇ ಆಯಿತು.

ಸುಮಾರು 670 ಸವಾರರು, ಮೂರು ಕಡೆಯಿಂದ ಗುಂಡು, ಎರಡು ಕಿಲೋಮೀಟರ್ ಬಯಲು. ಮೊದಲು ಸತ್ತವರಲ್ಲಿ ನೋಲನ್ ಒಬ್ಬ. ದಳದ ಮುಂದೆ ಅಡ್ಡ ಬಂದು ಏನೋ ಕೂಗುತ್ತಿದ್ದ, ಅಷ್ಟರಲ್ಲಿ ಸಿಡಿಗುಂಡಿನ ಚೂರು ಎದೆಗೆ ಬಡಿಯಿತು. ತಪ್ಪು ದಾರಿ ಅಂತ ತಿರುಗಿಸಲು ಬಂದನೋ, ಹುರುಪಿನಲ್ಲಿ ಮುಂದೆ ನುಗ್ಗಿದನೋ, ಇವತ್ತಿಗೂ ಜಗಳ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಸತ್ತವರು ಸುಮಾರು 110, ಕುದುರೆಗಳು ಅದರ ಮೂರು ಪಟ್ಟಿಗಿಂತ ಹೆಚ್ಚು.

ಕೊನೆಗೆ ಒಂದು ಮಾತು: ಕಾರ್ಡಿಗನ್ ಸ್ವೆಟರು, ರಾಗ್ಲನ್ ತೋಳಿನ ಅಂಗಿ, ನಾವು ಮಂಕಿ ಟೋಪಿ ಅನ್ನುವ ಬಾಲಕ್ಲಾವಾ, ಮೂರಕ್ಕೂ ಹೆಸರು ಬಂದದ್ದು ಅಲ್ಲಿಂದಲೇ. ಅಷ್ಟು ಹೆಣ ಉರುಳಿ ಚಳಿಗಾಲದ ಬಟ್ಟೆಗೆ ಹೆಸರುಳಿಯಿತು.

ಸಮುದ್ರದಾಚೆ

ಮೇಷ್ಟ್ರೇ, ಅಕ್ಟೋಬರ್ 25! ಫ್ರಾನ್ಸಿನ ಆಜಿನ್‌ಕೋರ್ ಕದನ ಕೂಡ ಅದೇ ದಿನ, 1415. ಐದನೇ ಹೆನ್ರಿಯ ಬಿಲ್ಲುಗಾರರು, ಕೆಸರಿನಲ್ಲಿ ಹೂತುಹೋದ ಫ್ರೆಂಚ್ ಸರದಾರರು. ಒಂದೇ ತಾರೀಖು, ಒಂದು ಗೆಲುವು, ಒಂದು ಗೋಳು.

ನಿವೃತ್ತ ಮೇಷ್ಟ್ರು

ಒಂದೇ ತಾರೀಖು ಹೌದು, ಒಂದೇ ದಿನವಲ್ಲ. ಆಜಿನ್‌ಕೋರ್ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ. ಈಗಿನ ಲೆಕ್ಕಕ್ಕೆ ಅದು ನವೆಂಬರ್ 3. ಇಂಗ್ಲೆಂಡ್ ಪಂಚಾಂಗ ಬದಲಿಸಿದ್ದು 1752ರಲ್ಲಿ. ಸೆಪ್ಟೆಂಬರ್ 2ರಂದು ಮಲಗಿದವರು 14ನೇ ತಾರೀಖು ಎದ್ದರು. ಅದಲ್ಲದೆ 1415ರಲ್ಲಿ ಬ್ರಿಟನ್ ಎಂಬ ರಾಜ್ಯವೇ ಇರಲಿಲ್ಲ, ಅದು ಇಂಗ್ಲೆಂಡಿನ ಸೈನ್ಯ.

ಖಾರಾಬಾತ್

ಮೇಷ್ಟ್ರು ನಿವೃತ್ತರಾದ್ರೂ ಕೆಂಪು ಪೆನ್ನು ನಿವೃತ್ತ ಆಗಿಲ್ಲ.

ಧಾರವಾಡದಾಂವ

ಎಲ್ಲಾರೂ ಕುದುರಿ, ಹಡಗ ಅಂತೀರಲ್ರೀ, ಎತ್ತಿನ ಮಾತ ಯಾರೂ ಎತ್ತವಲ್ರಿ! ನಾ ಹೇಳ್ತೀನಿ ಕೇಳ್ರಿ.

ಕಾರ್ನ್‌ವಾಲಿಸ್ ಗೊತ್ತಲ್ಲ? 1781ರ ಅಕ್ಟೋಬರ್ 19ಕ್ಕ ಯಾರ್ಕ್‌ಟೌನಿನ್ಯಾಗ ವಾಷಿಂಗ್ಟನ್‌ಗ ಶರಣಾದಾಂವ. ಅವತ್ತ ಮೈಯಾಗ ಹುಷಾರಿಲ್ಲ ಅಂತ ಹೇಳಿ, ಖಡ್ಗ ಒಪ್ಪಸಾಕ ತನ್ನ ಕೈಕೆಳಗಿನ ಓಹಾರಾನ್ನ ಕಳಸಿದ್ದ. ಅಮೆರಿಕಾ ಕಳಕೊಂಡು ಬಂದಾಂವನ್ನ ಮನಿಗೆ ಕಳಸಲಿಲ್ರಿ, ಗವರ್ನರ್ ಜನರಲ್ ಮಾಡಿ ಇಲ್ಲಿಗೆ ಕಳಸಿದ್ರು. 1791ರ ಮಾರ್ಚಿನ್ಯಾಗ ಬೆಂಗಳೂರ ಕ್ವಾಟಿ ಹಿಡದ. ಮೇ ತಿಂಗಳ ಶ್ರೀರಂಗಪಟ್ಟಣದ ಹತ್ರ ಅರಕೆರಿಯೊಳಗ ಲಡಾಯಿನೂ ಗೆದ್ದ. ಕ್ವಾಟಿ ಕಣ್ಣಿಗೆ ಕಾಣಾಕತ್ತಿತ್ತು.

ಆದ್ರ ಎತ್ತು ಸತ್ವು. ಸುತ್ತಲಿನ ಮೇವೆಲ್ಲಾ ಟಿಪ್ಪು ಸುಟ್ಟಿದ್ದ, ಮ್ಯಾಲ ಮಳಿ ಹಿಡೀತು, ಬ್ಯಾನಿ ಬಂತು. ಒಂದ ದೊಡ್ಡ ತೋಪ ಎಳಿಯಾಕ ಎತ್ತಿನ ಸಾಲs ಬೇಕು. ಕಡೀಕ ಸಿಪಾಯಿಗೋಳs ಹಗ್ಗ ಹಿಡದ ಎಳದ್ರು. ಕನ್ನಂಬಾಡಿ ಹತ್ರ ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪಗೋಳನ್ನ ತಾನs ಒಡಸಿ ಹಾಕಿ ಬೆಂಗಳೂರ ಹಾದಿ ಹಿಡದ. ಯಾರ್ಕ್‌ಟೌನಿನ್ಯಾಗ ವೈರಿಗೆ ತೋಪ ಒಪ್ಪಿಸಿದಾಂವ ಇಲ್ಲಿ ಎತ್ತಿಲ್ಲದ್ದಕ್ಕ ಒಡದ ಹಾಕಿದ. ಇದs ನನ್ನ ಗಳಿಗಿ.

ಇನ್ನೂ ಮಜಾ ಕೇಳ್ರಿ. ಅವ್ರ ಜೋಡೀದಾರ ಮರಾಠಾ ದಂಡು ಯಾಕ ತಡಾ ಆತು? ಪರಶುರಾಮ ಭಾವು ನಮ್ಮ ಧಾರವಾಡದ ಕ್ವಾಟಿ ಮುಂದ ಆರು ತಿಂಗಳ ಮ್ಯಾಲ ಕುಂತಿದ್ದ. ಟಿಪ್ಪುನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಬಾಗಲಾ ತಗೀಲಿಲ್ಲ. ಏಪ್ರಿಲ್‌ಕ ಧಾರವಾಡ ಬಿತ್ತು. ಮರಾಠರು ಕಾರ್ನ್‌ವಾಲಿಸನ್ನ ಕೂಡಿದ್ದು ಅಂವ ಹಿಂದ ತಿರಗಿದ ಮ್ಯಾಲ. ಅವ್ರ ಬಜಾರದಾಗ ಜ್ವಾಳ, ಅಕ್ಕಿ ಎಲ್ಲಾ ಇತ್ತು, ಹಸದ ದಂಡು ಸಿಕ್ಕ ರೇಟಿಗೆ ಕೊಂಡ ತಿಂತು. ಈಗ ಆ ಕ್ವಾಟಿ ಬಾಗಲದಾಗ ಹಾದ ದವಾಖಾನಿಗೆ ಹೋಗೋ ಮಂದಿಗೆ ಇದ್ಯಾವ್ದೂ ಗೊತ್ತಿಲ್ರಿ.

ಬಿದನೂರಿನವಳು

ನಮ್ಮ ಕಡೆಯದೂ ಒಂದು ಇರಲಿ. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಒಂದು ಹಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರು. ಮಣ್ಣಲ್ಲಿ ಮದ್ದಿನ ವಾಸನೆ ಬರುತ್ತಿತ್ತು ಅಂತ ಪತ್ರಿಕೆಯಲ್ಲಿ ಬಂದಿತ್ತು. ಶಿವಮೊಗ್ಗದಲ್ಲಿ ಇಟ್ಟಿದ್ದನ್ನು ನೋಡಿದ್ದೇನೆ. ಒಂದು ಗೇಣಿಗಿಂತ ತುಸು ಉದ್ದದ, ತುಕ್ಕು ಹಿಡಿದ ಕಬ್ಬಿಣದ ಕೊಳವೆ, ಅಷ್ಟೇ. ಆ ಕಬ್ಬಿಣದಲ್ಲೇ ಇತ್ತು ಗುಟ್ಟು. ಯುರೋಪಿನವರು ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದರು. ಕಬ್ಬಿಣವಾದರೆ ಮದ್ದನ್ನು ಗಟ್ಟಿಯಾಗಿ ಜಡಿದು ತುಂಬಬಹುದು, ಒಳಗಿನ ಒತ್ತಡ ತಡೆಯುತ್ತದೆ, ದೂರ ಹೋಗುತ್ತದೆ.

1799ರ ನಂತರ ಇಂಥವು ಲಂಡನ್ನಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಅದನ್ನೇ ತಿದ್ದಿ ತನ್ನ ಹೆಸರಿನ ರಾಕೆಟ್ ಮಾಡಿದ. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ಊರಿಗೆ ಬೆಂಕಿ ಹಾಕಿದ್ದು ಅದರಿಂದಲೂ. 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆ ಮೇಲೆ ಹಾರಿಸಿದ್ದೂ ಅದನ್ನೇ. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಕೆಂಪು ಬೆಳಕು ಅಂತ ಬರುತ್ತದಲ್ಲ, ಅದು ಆ ರಾತ್ರಿಯದು. ಅಲ್ಲಿನವರು ಎದೆ ಮೇಲೆ ಕೈಯಿಟ್ಟು ಹಾಡುವಾಗ ನನಗೆ ಆ ಬಾವಿಯೇ ನೆನಪಾಗುವುದು.

ಮಲ್ನಾಡ್ ಡಾಕ್ಟರ್

ನಾನು ಲ್ಯಾಂಕಶೈರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಪಕ್ಕದ ಆಕ್ರಿಂಗ್ಟನ್‌ನ ಓಕ್ ಹಿಲ್ ಪಾರ್ಕಿನಲ್ಲಿ ಯುದ್ಧ ಸ್ಮಾರಕವಿದೆ. ಮೊದಲ ಸಲ ಹೋದಾಗ ಹೆಸರಿನ ಪಟ್ಟಿ ಓದುತ್ತಾ ಹೋದೆ, ಮುಗಿಯಲೇ ಇಲ್ಲ. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ಹೆಸರೇ ಅನ್ನಿಸಿತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಸೈನ್ಯಕ್ಕೆ ಜನ ಬೇಕಾದಾಗ ಒಂದು ಉಪಾಯ ಮಾಡಿದರು. ಗೆಳೆಯರ ಜೊತೆ ಸೇರಿ, ಗೆಳೆಯರ ಜೊತೆಗೇ ಇರುತ್ತೀರಿ. ಒಂದೇ ಬೀದಿ, ಒಂದೇ ಹತ್ತಿ ಗಿರಣಿಯ ಹುಡುಗರು ಒಂದೇ ತುಕಡಿ. ಆಕ್ರಿಂಗ್ಟನ್ ಮತ್ತು ಸುತ್ತಲ ಊರುಗಳಿಂದ ಹತ್ತೇ ದಿನದಲ್ಲಿ ತುಕಡಿ ಭರ್ತಿ.

1916ರ ಜುಲೈ 1, ಫ್ರಾನ್ಸಿನ ಸೋಮ್ ಕದನ. ವಾರವಿಡೀ 15 ಲಕ್ಷಕ್ಕೂ ಹೆಚ್ಚು ಶೆಲ್ ಸುರಿದಿದ್ದಾರೆ, ಆಚೆ ಕಡೆ ಇಲಿಯೂ ಬದುಕಿರಲ್ಲ ಅಂತ ಮೇಲಿನವರ ನಂಬಿಕೆ. ಆದರೆ ಬಹಳ ಶೆಲ್ ಸಿಡಿಯಲೇ ಇಲ್ಲ, ಸಿಡಿದವಕ್ಕೆ ಮುಳ್ಳುತಂತಿ ಕತ್ತರಿಸಲು ಆಗಲಿಲ್ಲ, ಜರ್ಮನ್ನರು ಆಳದ ನೆಲಮಾಳಿಗೆಗಳಲ್ಲಿ ಕಾಯುತ್ತಿದ್ದರು. ಬೆಳಗ್ಗೆ ಏಳೂವರೆಗೆ ಸೀಟಿ. ಸೆರ್ ಅನ್ನುವ ಹಳ್ಳಿಯ ಮುಂದೆ ಆಕ್ರಿಂಗ್ಟನ್ನಿನ ಸುಮಾರು 700 ಹುಡುಗರು ಮೆಷಿನ್‌ಗನ್ನಿಗೆ ಎದೆಕೊಟ್ಟು ನಡೆದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 584. ಆ ಒಂದು ದಿನ ಬ್ರಿಟಿಷ್ ಸೈನ್ಯಕ್ಕೆ ಒಟ್ಟು 57,470 ಸಾವು ನೋವು, ಅದರಲ್ಲಿ ಸತ್ತವರೇ 19,240.

ಗೆಳೆಯರ ಜೊತೆಗೇ ಇರುತ್ತೀರಿ ಅಂದ ಮಾತು ನಿಜವಾಯಿತು. ನನ್ನ ಗಳಿಗೆ ಸೀಟಿಯದಲ್ಲ. ಆಮೇಲಿನ ದಿನಗಳಲ್ಲಿ ಈ ಇಟ್ಟಿಗೆ ಮನೆಗಳ ಸಾಲಿನಲ್ಲಿ ಅಂಚೆಯವನು ಬರುವ ಗಳಿಗೆ. ನಮ್ಮ ವಾರ್ಡಿಗೆ ಬರುವ ಅಜ್ಜಿಯೊಬ್ಬರು, ಅವರ ಅಜ್ಜಿ ಹೇಳುತ್ತಿದ್ದುದನ್ನು ಹೇಳಿದರು: ಬೀದಿಯಲ್ಲಿ ಮೊದಲು ಒಂದು ಮನೆಯ ಪರದೆ ಎಳೆದರು, ಆಮೇಲೆ ಎದುರು ಮನೆಯದು, ಸಂಜೆಗೆ ಪರದೆ ತೆರೆದಿದ್ದ ಮನೆಯವರಿಗೇ ಹೊರಗೆ ಬರಲು ಸಂಕೋಚ.

ಸಮುದ್ರದಾಚೆ

ಡಾಕ್ಟ್ರೇ, ಇದಾದ ಮೇಲೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಕಾರವಾರ ನಾವಿಕ

ನಾನು ನೌಕಾಪಡೆಯಲ್ಲಿದ್ದವ, ಐಎನ್‌ಎಸ್ ವಿರಾಟ್ ಮೇಲೆ ಮೂರು ವರ್ಷ ಕೆಲಸ ಮಾಡಿದ್ದೇನೆ. ಆ ಹಡಗೇ ಹಿಂದೆ ಎಚ್‌ಎಂಎಸ್ ಹರ್ಮೀಸ್, 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಅರ್ಜೆಂಟೀನಾ ಜೊತೆ ನಡೆದ ಯುದ್ಧದಲ್ಲಿ ಬ್ರಿಟಿಷ್ ಪಡೆಯ ಮುಖ್ಯ ನೌಕೆ. 1987ರಲ್ಲಿ ನಮಗೆ ಬಂತು. ಎಂಜಿನ್ ಕೋಣೆಯ ಪೈಪಿನ ಮೇಲೆ ಎಷ್ಟು ಸಲ ಬಣ್ಣ ಬಳಿದರೂ ಹಳೆಯ ಇಂಗ್ಲಿಷ್ ಗುರುತು ಎದ್ದು ಕಾಣುತ್ತಿತ್ತು.

ನನ್ನ ಗಳಿಗೆ 1982ರ ಮೇ 25. ಅರ್ಜೆಂಟೀನಾದ ವಿಮಾನಗಳು ಎಕ್ಸೋಸೆಟ್ ಕ್ಷಿಪಣಿ ಬಿಟ್ಟವು. ಅವರಿಗೆ ಬೇಕಾಗಿದ್ದುದು ವಿಮಾನವಾಹಕ ನೌಕೆ, ಅಂದರೆ ನಮ್ಮ ಹರ್ಮೀಸ್ ಅಥವಾ ಅದರ ಜೊತೆಗಿದ್ದ ಇನ್‌ವಿನ್ಸಿಬಲ್. ಬಡಿದದ್ದು ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ, 12 ಜನ ಸತ್ತರು. ಅದರಲ್ಲಿದ್ದ ನಾಲ್ಕು ಚಿನೂಕ್ ಹೆಲಿಕಾಪ್ಟರ್‌ಗಳಲ್ಲಿ ಮೂರು ಸುಟ್ಟವು. ಆ ಹೊತ್ತಿಗೆ ಗಾಳಿಯಲ್ಲಿದ್ದ ಒಂದು ಮಾತ್ರ ಉಳಿಯಿತು. ಸೈನಿಕರನ್ನು ರಾಜಧಾನಿ ಸ್ಟ್ಯಾನ್ಲಿ ಹತ್ತಿರ ಇಳಿಸಬೇಕಿದ್ದ ಹೆಲಿಕಾಪ್ಟರ್‌ಗಳವು. ಇಲ್ಲವಾದ ಮೇಲೆ ಏನು ಮಾಡೋದು? ನಡೆದರು. ಬೆನ್ನ ಮೇಲೆ 36 ಕಿಲೋ, ಜೌಗು ನೆಲ, ಚಳಿ, ತೊಯ್ದ ಬೂಟು, ಸುಮಾರು 90 ಕಿಲೋಮೀಟರ್. ಜೂನ್ 14ಕ್ಕೆ ಸ್ಟ್ಯಾನ್ಲಿ ಅವರ ಕೈಗೆ ಬಂತು.

ವಿರಾಟ್ 2017ರಲ್ಲಿ ನಿವೃತ್ತಿಯಾಗಿ ಆಮೇಲೆ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಆ ದಿನ ಟಿವಿ ಹಾಕಲಿಲ್ಲ ನಾನು.

ಧಾರವಾಡದಾಂವ

ನೋಡ್ರಿ ಮತ್ತ! ಕಾರ್ನ್‌ವಾಲಿಸನ ಎತ್ತು, ಇವ್ರ ಚಿನೂಕು, ಎರಡೂ ಒಂದs. ಹೊರೋ ಪ್ರಾಣಿ ಹೋತು ಅಂದ್ರ ಮನಷ್ಯಾನs ಎತ್ತಾಗಬೇಕು.

ನಿವೃತ್ತ ಮೇಷ್ಟ್ರು

ಧಾರವಾಡದವರು ಎತ್ತನ್ನು ಬಿಡುವ ಹಾಗೆ ಕಾಣುವುದಿಲ್ಲ, ನಾನೂ ಒಂದು ಸೇರಿಸುತ್ತೇನೆ. ಕಾರ್ನ್‌ವಾಲಿಸ್ ಪಟ್ಟ ಪಾಡನ್ನು ವೆಲ್ಲೆಸ್ಲಿ ಪಡಲಿಲ್ಲ. 1803ರಲ್ಲಿ ಮರಾಠರ ಮೇಲೆ ಹೋಗುವಾಗ ಅವನ ಬಂಡಿಗಳಿಗೆ ಮೈಸೂರಿನ ಅಮೃತಮಹಲ್ ಎತ್ತುಗಳಿದ್ದವು. ಹೈದರ್ ಮತ್ತು ಟಿಪ್ಪು ಬೆಳೆಸಿದ ತಳಿ, ಮೊದಲು ಮೈಸೂರು ಅರಸರ ಹೈನು ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯದು. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಹೊಳೆ ಅಡ್ಡ ಬಂತು. ದಾರಿ ತೋರಿಸುವವರು ದಾಟಲು ಜಾಗವೇ ಇಲ್ಲ ಅಂದರು. ಈ ದಡದಲ್ಲೊಂದು ಹಳ್ಳಿ, ಆ ದಡದಲ್ಲೊಂದು ಹಳ್ಳಿ, ಎದುರುಬದುರು ಇರುವುದನ್ನು ನೋಡಿ ವೆಲ್ಲೆಸ್ಲಿ, ನೆಂಟರ ಮನೆಗೆ ಹೋಗಿಬರುವ ದಾರಿಯಿಲ್ಲದೆ ಜನ ಹೀಗೆ ಊರು ಕಟ್ಟುವುದುಂಟೇ ಎಂದು ಲೆಕ್ಕ ಹಾಕಿದ (ನೆಂಟರ ಮಾತು ನನ್ನದು). ದಾಟುವ ಜಾಗ ಇದ್ದೇ ಇತ್ತು. ಗೆದ್ದ, ಆದರೆ ಅವನ ಕಡೆ ಸತ್ತವರು, ಗಾಯಾಳುಗಳು ಸೇರಿ 1,500 ದಾಟಿತು. ಅವರಲ್ಲಿ ಬಹಳಷ್ಟು ಮದ್ರಾಸಿನ ಸಿಪಾಯಿಗಳು. ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಗೆದ್ದ ಮೇಲೂ ಮುದಿ ವಯಸ್ಸಿನಲ್ಲಿ ಅವನು ತನ್ನ ಅತ್ಯುತ್ತಮ ಕೆಲಸವೆಂದು ಹೇಳಿಕೊಂಡದ್ದು ಅಸ್ಸಾಯೆಯನ್ನೇ.

ಖಾರಾಬಾತ್

ಸೆಪ್ಟೆಂಬರ್ 23 ಅಂದ್ರಲ್ಲ ಮೇಷ್ಟ್ರೇ, ಈ ಸಲ ಪಂಚಾಂಗದ ತಕರಾರಿಲ್ಲ ತಾನೇ? ಹಾಗಾದ್ರೆ ಕೇಳಿ. 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ, ಆಗ ತುರ್ಕರ ಕೈಲಿತ್ತು. ಮೈಸೂರು ಲ್ಯಾನ್ಸರ್ಸ್. ಮಹಾರಾಜರ ಕುದುರೆ ಪಡೆ, ಬ್ರಿಟಿಷರ ಯುದ್ಧಕ್ಕೆ ಕಳಿಸಿದ್ದು. ಜೋಧಪುರದವರು ಊರಿನ ಕಡೆ ನುಗ್ಗಿದ್ರು, ನಮ್ಮವರ ಒಂದು ತುಕಡಿ ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿ ಹಿಡಿಯೋಕೆ ಹತ್ತಿದ್ರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್‌ಗನ್. ಬಾಲಕ್ಲಾವಾ ಥರಾನೇ ಮುಗೀಬೇಕಿತ್ತು, ಆದ್ರೆ ಇವರು ಗೆದ್ರು. 1,350 ಜನ ಸೆರೆ, 17 ಫಿರಂಗಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದು. ಬೆಂಗಳೂರಲ್ಲಿ ಜೆ.ಸಿ. ನಗರದ ಹತ್ರ ಅವರ ಸ್ಮಾರಕ ಇದೆ, ನಮ್ಮ ಬಸ್ಸು ದಿನಾ ಅದರ ಮುಂದೇನೇ ಹೋಗೋದು. ನಾನು ಇಳಿದು ನೋಡಿದ್ದು ಮಾತ್ರ ಒಂದೇ ಸಲ, ಅದೂ ಬಸ್ಸು ಕೆಟ್ಟಿದ್ದಕ್ಕೆ.

ಬಿದನೂರಿನವಳು

ಹಾಗಾದ್ರೆ ನಿಮಗೂ ಚಪ್ಪರಿಸೋ ಕಥೆ ಸಿಕ್ತು!

ಖಾರಾಬಾತ್

ಸಿಕ್ತು ಮೇಡಂ. ಸೋತೆ.

ಕಲ್ಲುಬರಹ

ಧಾರವಾಡದವರು ಬೆಂಗಳೂರು ಕೋಟೆ ಅಂದದ್ದಕ್ಕೆ ಇವತ್ತು ಕೆಲಸ ಮುಗಿಸಿ ಕೆ.ಆರ್. ಮಾರ್ಕೆಟ್ಟಿನ ಹತ್ತಿರ ಉಳಿದಿರುವ ಕೋಟೆಗೆ ಹೋಗಿಬಂದೆ. ಗೋಡೆಯ ಮೇಲೆ ಕಲ್ಲು ಹಾಗೇ ಇದೆ: ಈ ಬಿರುಕಿನ ಮೂಲಕ ಬ್ರಿಟಿಷರು ಲಗ್ಗೆ ಹಾಕಿದರು, 1791ರ ಮಾರ್ಚ್ 21. ಅದರ ಕೆಳಗೆ ಯಾರೋ ಸೇವಂತಿಗೆ ಹೂವಿನ ಖಾಲಿ ಮೂಟೆಗಳನ್ನು ಒಟ್ಟಿದ್ದರು.

ಬೆಳದಿಂಗಳ ರಾತ್ರಿ ನಡೆದ ಲಗ್ಗೆ ಅದು. ಕಿಲ್ಲೇದಾರ ಬಹಾದೂರ್ ಖಾನ್, ವಯಸ್ಸಾದವನು, ಬಿರುಕಿನ ಹತ್ತಿರವೇ ಕಾದಾಡಿ ಸತ್ತ. ಕಲ್ಲಿನಲ್ಲಿ ಅವನ ಹೆಸರಿಲ್ಲ. ಮರುದಿನ ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿಕಳಿಸಿದ: ನಿಮ್ಮ ಕಿಲ್ಲೇದಾರನ ದೇಹ ಬೇಕಿದ್ದರೆ ಕಳಿಸಿಕೊಡುತ್ತೇನೆ. ಟಿಪ್ಪುವಿನ ಉತ್ತರ ಬಂತು. ಅವನು ಬಿದ್ದ ಜಾಗಕ್ಕಿಂತ ಗೌರವದ ಜಾಗ ಇನ್ನೊಂದಿಲ್ಲ, ಅಲ್ಲೇ ಮಣ್ಣು ಮಾಡಿ.

ಫೋಟೋ ತೆಗೆಯೋಣ ಅಂದರೆ ಕತ್ತಲಾಗಿತ್ತು. ಭಾನುವಾರ ಬೆಳಗ್ಗೆ ಮತ್ತೆ ಹೋಗುತ್ತೇನೆ, ಬರುವವರಿದ್ದರೆ ತಿಳಿಸಿ.

ಖಾರಾಬಾತ್

ನಾನು ಬರ್ತೀನಿ. ಎಂಟು ಗಂಟೆಗೆ ಕೋಟೆ ಬಾಗಿಲ ಹತ್ರ. ತಿಂಡಿ ನನ್ನದು, ವೆಲ್ಲೆಸ್ಲಿ ಬಂದ್ರೂ ಪೂರ್ತಿ ತಿಂದೇ ಏಳೋದು.